ಹುರುಳಿ ಕಟ್ಟೋ, ಬಾಳೆದಿಂಡೋ, ಎಳನೀರೋ? ಕಿಡ್ನಿ ಕಲ್ಲು ಇರುವವರು ಆರಿಸಿಕೊಳ್ಳುವುದು ಹೇಗೆ

ಕಿಡ್ನಿಯಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನ, ಸಂಜೆಯೊಳಗೆ ನನಗೆ ಸಲಹೆಗಳ ರಾಶಿಯೇ ಬಿದ್ದಿತ್ತು. ಅತ್ತೆ ಹುರುಳಿ ಕಟ್ಟು ಕುಡಿ ಎಂದರು. ಪಕ್ಕದ ಮನೆಯವರು ಬಾಳೆದಿಂಡಿನ ರಸ ಎಂದರು. ಆಫೀಸಿನ ಗೆಳೆಯ ಕಣ್ಣು ಮಿಟುಕಿಸಿ ಬಿಯರ್ ಎಂದ. ಚಿಕ್ಕಪ್ಪನಂತೂ ಟೊಮ್ಯಾಟೊ ಮುಟ್ಟಬೇಡ, ಹಾಲು ಬಿಡು, ರಾಗಿ ಬಿಡು, ಸೊಪ್ಪು ಬಿಡು ಎಂದು ಫೋನಿನಲ್ಲೇ ಪಟ್ಟಿ ಓದಿದರು. ಎಲ್ಲರ ಮಾತನ್ನೂ ಕೇಳಿದ್ದರೆ ತಟ್ಟೆಯಲ್ಲಿ ಬರೀ ಅನ್ನ ಉಳಿಯುತ್ತಿತ್ತು.

ನನ್ನ ಕಲ್ಲು 4 ಮಿಲಿಮೀಟರ್ ಇತ್ತು. ಮೂರು ವಾರದಲ್ಲಿ ಬಿದ್ದುಹೋಯಿತು. ಹುರುಳಿಯಿಂದಲೇ ಎಂದರು ಅತ್ತೆ. ಬಾಳೆದಿಂಡು ಅಂದ್ರೆ ಸುಮ್ನೇನಾ ಎಂದರು ಪಕ್ಕದ ಮನೆಯವರು. ಅಸಲಿ ಸಂಗತಿ ಬೇರೆಯೇ ಇತ್ತು. ಮೂತ್ರನಾಳಕ್ಕೆ ಇಳಿದ 5 ಮಿ.ಮೀ. ಒಳಗಿನ ಕಲ್ಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ತಾವಾಗಿಯೇ ಹೊರಗೆ ಬರುತ್ತವೆ. ಆ ಹೊತ್ತಿಗೆ ನಾವು ಏನು ಕುಡಿಯುತ್ತಿದ್ದೆವೋ ಹೆಸರು ಅದಕ್ಕೆ ಹೋಗುತ್ತದೆ, ಅಷ್ಟೇ.

ಎರಡು ವರ್ಷದ ನಂತರ ಇನ್ನೊಂದು ಕಲ್ಲು ಬಂತು. ಇದೇನೂ ಅಪರೂಪವಲ್ಲ. ಒಮ್ಮೆ ಕಲ್ಲು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹತ್ತು ವರ್ಷದೊಳಗೆ ಮತ್ತೆ ಬರುತ್ತದೆ. ನಾನು ಕೇಳುತ್ತಿದ್ದ ಪ್ರಶ್ನೆಯೇ ತಪ್ಪು ಎಂದು ನನಗೆ ಹೊಳೆದದ್ದು ಆಗ. ಇರುವ ಕಲ್ಲನ್ನು ಕರಗಿಸುವುದು ಒಂದು ಕೆಲಸ. ಮುಂದಿನ ಕಲ್ಲು ಕಟ್ಟದಂತೆ ನೋಡಿಕೊಳ್ಳುವುದು ಇನ್ನೊಂದು. ನಮ್ಮಲ್ಲಿ ಹೆಚ್ಚು ಜನಕ್ಕೆ ಬರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು (ಆಕ್ಸಲೇಟ್ ಎಂದರೆ ಕೆಲವು ಸೊಪ್ಪು, ಬೀಜಗಳಲ್ಲಿರುವ ಒಂದು ಅಂಶ, ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ) ಯಾವ ರಸ, ಯಾವ ಕಷಾಯವೂ ಕರಗಿಸುವುದಿಲ್ಲ. ಆದರೆ ಮುಂದಿನದನ್ನು ತಡೆಯುವ ಕೆಲಸ ಅಡುಗೆಮನೆಗೆ ಚೆನ್ನಾಗಿ ಬರುತ್ತದೆ. ಹಾಗಾಗಿ ಇಲ್ಲಿ ಎಲ್ಲವನ್ನೂ ಆ ಎರಡನೇ ಕೆಲಸಕ್ಕೆ ಹಚ್ಚಿ ನೋಡೋಣ.

ತೂಗುವ ಮೊದಲು ತಕ್ಕಡಿ

ಎಲ್ಲಕ್ಕಿಂತ ಮುಂಚೆ, ನಿಮ್ಮದು ಯಾವ ಕಲ್ಲು? ಹತ್ತರಲ್ಲಿ ಏಳೆಂಟು ಜನರದ್ದು ಕ್ಯಾಲ್ಸಿಯಂ ಆಕ್ಸಲೇಟ್. ಹತ್ತರಲ್ಲಿ ಒಬ್ಬರದ್ದು ಯೂರಿಕ್ ಆಸಿಡ್ ಕಲ್ಲು, ಮಾಂಸ, ಮೀನು ಜಾಸ್ತಿಯಾದರೆ ಏರುವ ಆಮ್ಲದ್ದು. ಇನ್ನು ಕೆಲವು ಮೂತ್ರದ ಸೋಂಕಿನಿಂದ ಬರುತ್ತವೆ, ತೀರಾ ಕೆಲವು ವಂಶದಿಂದ. ಸೋಂಕಿನ ಕಲ್ಲಿಗೆ ಪಥ್ಯ ಮಾಡಿ ಪ್ರಯೋಜನ ಕಡಿಮೆ, ಮೊದಲು ಸೋಂಕು ಹೋಗಬೇಕು. ಯೂರಿಕ್ ಆಸಿಡ್ ಕಲ್ಲಿನವರು ಪಾಲಕ್ ಬಿಟ್ಟು ಲಿವರ್ ಫ್ರೈ ತಿಂದರೆ ಏನುಪಯೋಗ? ಅದಕ್ಕೇ ಕಲ್ಲು ಬಿದ್ದರೆ ಎಸೆಯಬೇಡಿ. ಹಳೆಯ ಟೀ ಜಾಲರಿಯೊಂದನ್ನು ಮೂತ್ರ ಸೋಸಲೆಂದೇ ಎತ್ತಿಡಿ (ಮತ್ತೆ ಅಡುಗೆಮನೆಗೆ ತರಬೇಡಿ ಎಂದು ನನ್ನ ಹೆಂಡತಿ ಈಗಲೂ ನೆನಪಿಸುತ್ತಾಳೆ). ಸಿಕ್ಕ ಕಲ್ಲನ್ನು ಲ್ಯಾಬಿಗೆ ಕೊಟ್ಟರೆ ಯಾವ ಜಾತಿ ಎಂದು ಹೇಳುತ್ತಾರೆ. ಪದೇ ಪದೇ ಬರುವವರಿಗೆ 24 ಗಂಟೆಯ ಮೂತ್ರ ಹಿಡಿದು ಮಾಡುವ ಪರೀಕ್ಷೆಯೂ ಇದೆ. ನಿಮ್ಮ ಮೂತ್ರದಲ್ಲಿ ಯಾವುದು ಜಾಸ್ತಿ, ಯಾವುದು ಕಡಿಮೆ ಎಂದು ಅದರಲ್ಲಿ ಬಿಡಿಬಿಡಿಯಾಗಿ ತಿಳಿಯುತ್ತದೆ.

ಆಮೇಲೆ ಪ್ರತಿ ಪಾನೀಯಕ್ಕೂ, ಪ್ರತಿ ಪಲ್ಯಕ್ಕೂ ನಾಲ್ಕು ಪ್ರಶ್ನೆ ಕೇಳಿ. ಇದರಿಂದ ಮೂತ್ರ ಜಾಸ್ತಿ ಆಗುತ್ತದೆಯೇ? ಇದರ ಜೊತೆಗೆ ಏನು ಬರುತ್ತದೆ, ಕಲ್ಲನ್ನು ತಡೆಯುವ ಸಿಟ್ರೇಟೋ, ಕಲ್ಲು ಕಟ್ಟುವ ಉಪ್ಪು, ಆಕ್ಸಲೇಟೋ? ವರ್ಷಗಟ್ಟಲೆ ದಿನಾ ಮಾಡಲು ಜೇಬಿಗೂ ಬೇಸರಕ್ಕೂ ತಡೆಯುತ್ತದೆಯೇ? ನನಗಿರುವ ಬೇರೆ ಕಾಯಿಲೆಗೆ, ಅಂದರೆ ಶುಗರ್, ಬಿಪಿ, ಏರಿದ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಕುಂದಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಅಂಶ), ಇವಕ್ಕೆ ಇದು ಆಗಿಬರುತ್ತದೆಯೇ?

ಮೂರನೇ ಪ್ರಶ್ನೆಯನ್ನು ಜನ ಹಗುರ ಮಾಡುತ್ತಾರೆ. ಹದಿನೈದು ದಿನ ಬಾಳೆದಿಂಡು ಜಜ್ಜಿ ರಸ ಕುಡಿದವರು ಹದಿನಾರನೇ ದಿನ ಕುಡಿಯುವುದಿಲ್ಲ. ಕಲ್ಲಿಗೆ ಬೇಕಿರುವುದು ಹತ್ತು ವರ್ಷ.

ಕುಡಿಯುವುದರಲ್ಲಿ ಯಾವುದು?

ನೀರಿನಿಂದಲೇ ಶುರು ಮಾಡುವೆ. ಇಷ್ಟು ಗಟ್ಟಿ ಸಾಕ್ಷಿ ಬೇರೆ ಯಾವುದಕ್ಕೂ ಇಲ್ಲ. 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಟಲಿಯ ಪಾರ್ಮಾದ ವೈದ್ಯರು ಮೊದಲ ಸಲ ಕಲ್ಲು ಬಂದವರನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು. ಒಂದು ಗುಂಪಿಗೆ ಜಾಸ್ತಿ ನೀರು ಕುಡಿಯಲು ಹೇಳಿದ್ದರು, ಇನ್ನೊಂದಕ್ಕೆ ಏನೂ ಹೇಳಿರಲಿಲ್ಲ. ನೀರು ಕುಡಿದ 99 ಜನರಲ್ಲಿ 12 ಮಂದಿಗೆ ಮತ್ತೆ ಕಲ್ಲು ಬಂತು. ಇನ್ನೊಂದು ಗುಂಪಿನ 100ರಲ್ಲಿ 27 ಮಂದಿಗೆ. ಬರೀ ನೀರಿನಿಂದ ಅರ್ಧಕ್ಕಿಂತ ಕಡಿಮೆ!

ಆದರೆ ಎಷ್ಟು ಕುಡಿದೆ ಎಂದು ಲೆಕ್ಕ ಇಡುವುದಕ್ಕಿಂತ ಎಷ್ಟು ಹೊರಗೆ ಬಂತು ಎಂದು ಲೆಕ್ಕ ಇಡಬೇಕು. ಗುರಿ ದಿನಕ್ಕೆ ಎರಡೂವರೆ ಲೀಟರ್ ಮೂತ್ರ. ಮಡಿಕೇರಿಯ ಮಳೆಗಾಲದಲ್ಲಿ ಇದಕ್ಕೆ ಮೂರು ಲೀಟರ್ ನೀರು ಸಾಕಾಗಬಹುದು. ರಾಯಚೂರಿನ ಮೇ ತಿಂಗಳಲ್ಲಿ ಹೊಲದಲ್ಲಿ ನಿಂತವರಿಗೆ ಅಷ್ಟೂ ನೀರು ಬೆವರಾಗಿ ಹೋಗುತ್ತದೆ. ಒಂದು ಭಾನುವಾರ ಮನೆಯಲ್ಲೇ ಇದ್ದು, ಹಳೆಯ ಲೀಟರ್ ಬಾಟಲಿಯಲ್ಲಿ ಬೆಳಗ್ಗೆಯಿಂದ ಮರುದಿನ ಬೆಳಗ್ಗೆಯವರೆಗೆ ಅಳೆದು ನೋಡಿ. ನನ್ನದು ಒಂದು ಲೀಟರೂ ಮುಟ್ಟಿರಲಿಲ್ಲ. ನಾನು ಚೆನ್ನಾಗಿಯೇ ನೀರು ಕುಡಿಯುತ್ತೇನೆ ಎಂದು ಅಲ್ಲಿಯವರೆಗೆ ನಂಬಿದ್ದೆ. ರಾತ್ರಿ ಮಲಗುವಾಗ ಒಂದು ಲೋಟ, ನಡುರಾತ್ರಿ ಎದ್ದರೆ ಇನ್ನೊಂದು. ರಾತ್ರಿ ಹೊತ್ತು ಮೂತ್ರ ಗಟ್ಟಿಯಾಗುವುದರಿಂದ ಈ ಎರಡು ಲೋಟಕ್ಕೆ ಬೆಲೆ ಜಾಸ್ತಿ.

ಬೋರ್‌ವೆಲ್ ನೀರಿನ ಗಡಸಿನಿಂದಲೇ ಕಲ್ಲು ಬರುತ್ತದೆ ಎನ್ನುವ ಮಾತಿದೆ. ಗಡಸು ನೀರು ಎಂದು ಹೆದರಿ ಕಡಿಮೆ ಕುಡಿದರೆ ಅದರಿಂದಲೇ ಜಾಸ್ತಿ ಕೇಡು. ಹಳ್ಳಿಯ ಶುದ್ಧ ನೀರಿನ ಘಟಕದ್ದು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಮನೆಯಲ್ಲಿ ಇದ್ದದ್ದನ್ನೇ ಕಾಯಿಸಿ ಆರಿಸಿ ಕುಡಿಯಿರಿ.

ನೀರಿಗೆ ಇರುವ ಒಂದೇ ತೊಂದರೆ ಶೌಚಾಲಯ. ಶಾಲೆಯ ಟೀಚರ್, ಬಸ್ ಕಂಡಕ್ಟರ್, ಸಂತೆಯಲ್ಲಿ ಕೂತು ತರಕಾರಿ ಮಾರುವ ಅಮ್ಮ, ಇವರೆಲ್ಲ ನೀರು ಕುಡಿಯದೆ ಇರುವುದು ಮರೆವಿನಿಂದಲ್ಲ, ಹೋಗಲು ಜಾಗ ಇಲ್ಲ ಎಂದು. ಅಂಥವರು ದಿನವನ್ನು ಭಾಗ ಮಾಡಿಕೊಳ್ಳಬೇಕು. ಮನೆ ಬಿಡುವ ಎರಡು ಗಂಟೆ ಮೊದಲು ಅರ್ಧ ಲೀಟರ್, ಮಧ್ಯಾಹ್ನ ಜಾಗ ಸಿಗುವ ಹೊತ್ತಿಗೆ ಅರ್ಧ, ಸಂಜೆ ಮನೆ ಸೇರಿದ ಮೇಲೆ ಮಲಗುವವರೆಗೆ ಒಂದೂವರೆ. ಪೂರ್ತಿ ಸರಿಹೋಗುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ನಿಂಬೆಹಣ್ಣಿಗೆ ನಾನು ಎರಡನೇ ಜಾಗ ಕೊಡುತ್ತೇನೆ. ಅದರಲ್ಲಿರುವ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಹರಳು ಕಟ್ಟಲು ಬಿಡುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ ದಿನಕ್ಕೆ ಸುಮಾರು 120 ಮಿಲಿ ರಸ, ಎರಡು ಲೀಟರ್ ನೀರಿಗೆ ಬೆರೆಸಿ ದಿನವಿಡೀ ಕುಡಿಯುವುದು. ನಮ್ಮ ಚಿಕ್ಕ ನಿಂಬೆಹಣ್ಣಾದರೆ ಐದಾರಾದರೂ ಬೇಕು. ಮಳೆಗಾಲದಲ್ಲಿ ಇದು ಸಸ್ತಾ, ಬೇಸಿಗೆಯಲ್ಲಿ ನಿಂಬೆಹಣ್ಣಿನ ರೇಟು ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಆಗ ಎರಡಕ್ಕೆ ಇಳಿಸಿ, ಬಿಡಬೇಡಿ. ತಪ್ಪು ಆಗುವುದು ಶರಬತ್ತು ಮಾಡುವಾಗ. ನಾಲ್ಕು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಅದನ್ನೇ ದಿನಕ್ಕೆ ನಾಲ್ಕು ಸಲ ಕುಡಿದರೆ ಬಂದ ಲಾಭ ಸಕ್ಕರೆ ಉಪ್ಪಿನಲ್ಲಿ ಹೋಯಿತು. ಹೊಟ್ಟೆ ಉರಿ ಇರುವವರು ಊಟದ ಜೊತೆ ಕುಡಿಯಲಿ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಹುಳಿ ಹಲ್ಲನ್ನು ಸವೆಸುತ್ತದೆ. ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಬರೆದುಕೊಟ್ಟಿದ್ದರೆ ಅದನ್ನು ಬಿಟ್ಟು ನಿಂಬೆಗೆ ಬರಬೇಡಿ, ಸಿರಪ್ಪಿನಲ್ಲಿ ಅಳತೆ ಖಚಿತ.

ಎಳನೀರು ರುಚಿಯಲ್ಲಿ ಮೊದಲು, ಖರ್ಚಿನಲ್ಲೂ ಮೊದಲು. ಬೆಂಗಳೂರಿನಲ್ಲಿ ಒಂದಕ್ಕೆ ಐವತ್ತು ರೂಪಾಯಿಗೆ ಕಮ್ಮಿ ಇಲ್ಲ. ದಿನಾ ಒಂದು ಎಂದರೂ ತಿಂಗಳಿಗೆ ಸಾವಿರದ ಐನೂರರ ಮೇಲೆ. ಸಿಗುವುದು ಎರಡು ಲೋಟ ನೀರು. ಪೊಟ್ಯಾಸಿಯಂ ಚೆನ್ನಾಗಿದೆ, ಮೂತ್ರದ ಸಿಟ್ರೇಟನ್ನೂ ಸ್ವಲ್ಪ ಏರಿಸುತ್ತದೆ. ಮದ್ದೂರು, ತಿಪಟೂರು ಕಡೆ ತೋಟ ಇದ್ದವರು ಕುಡಿಯಿರಿ, ಯಾರು ಬೇಡ ಅಂತಾರೆ! ದುಡ್ಡು ಕೊಟ್ಟು ಕುಡಿಯುವವರು ವಾರಕ್ಕೊಂದೆರಡು ಸಲ ಖುಷಿಗೆ ಇಟ್ಟುಕೊಳ್ಳಿ. ಕ್ರಿಯಾಟಿನಿನ್ ಏರಿದವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಹೊರಗೆ ಹಾಕುವುದಿಲ್ಲ, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತ ತಪ್ಪುತ್ತದೆ.

ಬಾರ್ಲಿ ನೀರು ಒಳ್ಳೆಯದು, ಅದು ನೀರು ಎನ್ನುವ ಕಾರಣಕ್ಕೆ. ಬರೀ ನೀರು ಸೇರದವರಿಗೆ ಒಂದು ಬದಲಾವಣೆ. ಅದಕ್ಕಿಂತ ದೊಡ್ಡ ಪವಾಡ ಅದರಲ್ಲಿಲ್ಲ.

ಇನ್ನು ಅತ್ತೆಯ ಹುರುಳಿ ಕಟ್ಟು. ಆಯುರ್ವೇದದಲ್ಲಿ ಕುಲತ್ಥ ಎಂದು ಕಲ್ಲಿನ ಕಾಯಿಲೆಗೆ ಇದನ್ನು ಬಹಳ ಹಿಂದಿನಿಂದ ಹೇಳುತ್ತಾರೆ, ಆ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ಬೆಲೆ ಕಡಿಮೆ, ಎಲ್ಲ ಕಡೆ ಸಿಗುತ್ತದೆ. ಪ್ರೋಟೀನಿಗೆ ಮಾಂಸದ ಬದಲು ಇದನ್ನು ತಿಂದರೆ ಕಲ್ಲಿಗೂ ಒಳ್ಳೆಯದೇ. ಆದರೆ ಬೇಯಿಸಿದ ಹುರುಳಿಯ ಕಟ್ಟು ಇದ್ದ ಕಲ್ಲನ್ನು ಒಡೆಯುತ್ತದೆ ಎಂದು ಕಾದು ಕೂತು ಚಿಕಿತ್ಸೆ ಮುಂದೂಡಬೇಡಿ. ಸಾರು ಮಾಡಿದರೆ ಉಪ್ಪು ಕಮ್ಮಿ ಹಾಕಿ. ಉಷ್ಣ ಎಂದು ಹೆದರುವವರು ಹೇಗೂ ಮೇಲೊಂದು ಲೋಟ ಮಜ್ಜಿಗೆ ಕುಡಿಯುತ್ತಾರೆ. ನನ್ನ ಕೇಳಿದರೆ ಅರ್ಧ ಪುಣ್ಯ ಆ ಮಜ್ಜಿಗೆಯದ್ದು. ಯಾಕೆಂದು ಮುಂದೆ ಹೇಳುತ್ತೇನೆ.

ಬಾಳೆದಿಂಡು ಕೂಡ ಹೀಗೆಯೇ. ಪಲ್ಯ, ಕೋಸಂಬರಿ ಮಾಡಿ ತಿಂದರೆ ನಾರು ಸಿಗುತ್ತದೆ, ನೀರಿನಂಶ ಸಿಗುತ್ತದೆ. ತೋಟ ಇದ್ದವರಿಗೆ ಪುಕ್ಕಟೆ. ಪೇಟೆಯವರು ಅದನ್ನು ಹುಡುಕಿ, ಸಿಪ್ಪೆ ಬಿಡಿಸಿ, ನೂಲು ಬೆರಳಿಗೆ ಸುತ್ತಿ ತೆಗೆದು, ರುಬ್ಬಿ ಸೋಸುವ ಹೊತ್ತಿಗೆ ಮೂರು ಲೋಟ ನೀರು ಕುಡಿದು ಮುಗಿಸಬಹುದಿತ್ತು. ಇದರಲ್ಲೂ ಪೊಟ್ಯಾಸಿಯಂ ಇದೆ, ಎಳನೀರಿಗೆ ಹೇಳಿದ ಎಚ್ಚರಿಕೆಯೇ ಇದಕ್ಕೂ.

ಕಾಡುಬಸಳೆ ಎಲೆಯನ್ನು ಖಾಲಿ ಹೊಟ್ಟೆಗೆ ಅಗಿಯಲು ಹೇಳುವವರಿದ್ದಾರೆ. ಇದೊಂದಕ್ಕೆ ನಾನು ನೇರವಾಗಿ ಬೇಡ ಎನ್ನುತ್ತೇನೆ. ಆ ಜಾತಿಯ ಗಿಡಗಳಲ್ಲಿ ಹೃದಯವನ್ನು ಬಾಧಿಸುವ ವಿಷಾಂಶಗಳಿವೆ. ಆಸ್ಟ್ರೇಲಿಯಾದಲ್ಲಿ ಅವನ್ನು ಮೇಯ್ದು ದನಗಳು ಸತ್ತಿವೆ.

ಟೀ, ಕಾಫಿ ಬಿಡಬೇಕೇ? ಹಾಲು ಹಾಕಿದ ಎರಡು ಮೂರು ಲೋಟ ಟೀಗೆ ಹೆದರಬೇಕಾಗಿಲ್ಲ. ಟೀಯಲ್ಲಿ ಆಕ್ಸಲೇಟ್ ಇದೆ ನಿಜ, ಆದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದು ಹಾಕುತ್ತದೆ. ಕಾಫಿಯಂತೂ ಪರವಾಗಿಲ್ಲ. ಹಾಲಿಲ್ಲದ ಬ್ಲ್ಯಾಕ್ ಟೀಯನ್ನು ನೀರಿನ ಹಾಗೆ ಕುಡಿಯುವವರು ಎಚ್ಚರ. ಅಮೆರಿಕದ ಆರ್ಕನ್ಸಾದಲ್ಲಿ ಒಬ್ಬರು ದಿನಕ್ಕೆ ಹದಿನಾರು ಲೋಟ ಐಸ್ ಟೀ ಕುಡಿದು ಕಿಡ್ನಿಯನ್ನೇ ಕೆಡಿಸಿಕೊಂಡ ಸಂಗತಿ 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕೋಲಾ ಮತ್ತು ಸಕ್ಕರೆ ನೀರಿನ ಬಾಟಲಿಗಳು ಕಲ್ಲಿನ ಅಪಾಯವನ್ನು ಏರಿಸುತ್ತವೆ, ಅವಕ್ಕೆ ಇಲ್ಲಿ ಜಾಗವೇ ಇಲ್ಲ. ಬಿಯರ್ ಕುಡಿದಾಗ ಮೂತ್ರ ಜೋರಾಗಿ ಬರುತ್ತದೆ, ಆಮೇಲೆ ಮೈ ಒಣಗುತ್ತದೆ. ಯೂರಿಕ್ ಆಸಿಡನ್ನೂ ಅದು ಏರಿಸುತ್ತದೆ. ಕುಡಿಯಲು ನೆಪ ಬೇಕಿದ್ದವರು ಬೇರೆ ನೆಪ ಹುಡುಕಿಕೊಳ್ಳಿ.

ಹಾಲು, ಮೊಸರು, ರಾಗಿ: ಬಿಡುವುದೋ ಇಡುವುದೋ?

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಗಾದರೆ ಕ್ಯಾಲ್ಸಿಯಂ ಬಿಡಬೇಕು. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ವೈದ್ಯರೂ ಒಂದು ಕಾಲದಲ್ಲಿ ಇದನ್ನೇ ಹೇಳುತ್ತಿದ್ದರು. ಪಾರ್ಮಾದ ಅದೇ ತಂಡ ಇದನ್ನೂ ಪರೀಕ್ಷೆ ಮಾಡಿತು. ಪದೇ ಪದೇ ಕಲ್ಲು ಬರುತ್ತಿದ್ದ 120 ಗಂಡಸರಲ್ಲಿ ಅರ್ಧ ಜನಕ್ಕೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ, ಇನ್ನರ್ಧಕ್ಕೆ ಕ್ಯಾಲ್ಸಿಯಂ ಸಾಮಾನ್ಯದಷ್ಟೇ ಇಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ ಊಟ. ಐದು ವರ್ಷದ ನಂತರ, 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಕ್ಯಾಲ್ಸಿಯಂ ಬಿಟ್ಟ 60 ಜನರಲ್ಲಿ 23 ಮಂದಿಗೆ ಕಲ್ಲು ಮರಳಿತ್ತು. ಕ್ಯಾಲ್ಸಿಯಂ ತಿಂದ 60ರಲ್ಲಿ 12 ಮಂದಿಗೆ ಮಾತ್ರ.

ಕಾರಣ ಸರಳ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದಲ್ಲಿ ಹೋಗುತ್ತದೆ. ಇಲ್ಲದಿದ್ದರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಇಬ್ಬರ ಭೇಟಿ ಕರುಳಿನಲ್ಲಿ ಆಗಲಿ, ಕಿಡ್ನಿಯಲ್ಲಿ ಬೇಡ. ಊಟದ ಕೊನೆಗೆ ಮಜ್ಜಿಗೆ ಅನ್ನ ಉಣ್ಣುವ ನಮ್ಮ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹುರುಳಿ ಸಾರಿನ ಮೇಲಿನ ಆ ಮಜ್ಜಿಗೆಗೆ ಅರ್ಧ ಪುಣ್ಯ ಎಂದದ್ದು ಇದಕ್ಕೇ. ಮಸಾಲೆ ಮಜ್ಜಿಗೆಯಾದರೆ ಉಪ್ಪು ಬಿಟ್ಟು ಶುಂಠಿ, ಕರಿಬೇವು, ಇಂಗು ಹಾಕಿ.

ಕ್ಯಾಲ್ಸಿಯಂ ಮಾತ್ರೆಯದ್ದು ಬೇರೆ ಲೆಕ್ಕ. ರಾತ್ರಿ ಮಲಗುವಾಗ ಬರೀ ಹೊಟ್ಟೆಗೆ ನುಂಗಿದರೆ ಹಿಡಿದುಕೊಳ್ಳಲು ಅಲ್ಲಿ ಆಕ್ಸಲೇಟ್ ಇರುವುದಿಲ್ಲ, ಕ್ಯಾಲ್ಸಿಯಂ ಸುಮ್ನೆ ಮೂತ್ರಕ್ಕೆ ಸೇರುತ್ತದೆ. ಮಾತ್ರೆ ಬೇಕೇಬೇಕು ಎಂದಿದ್ದರೆ ಊಟದ ಜೊತೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ವಿಟಮಿನ್ ಸಿ ಮಾತ್ರೆಗಳನ್ನು ಮಾತ್ರ ದೂರ ಇಡಿ. ಜಾಸ್ತಿಯಾದ ವಿಟಮಿನ್ ಸಿ ಮೈಯಲ್ಲಿ ಆಕ್ಸಲೇಟ್ ಆಗುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣು ತಿಂದರೆ ಆ ಮಟ್ಟಕ್ಕೆ ಹೋಗುವುದಿಲ್ಲ.

ರಾಗಿಯ ಬಗ್ಗೆ ಹೆಚ್ಚು ಜನ ಕೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದೇ ಅದರ ಹೆದರಿಕೆ. ಮೇಲಿನ ಲೆಕ್ಕ ಓದಿದ ಮೇಲೆ ಆ ಹೆದರಿಕೆ ಉಳಿಯಬಾರದು. ಸ್ವಲ್ಪ ಆಕ್ಸಲೇಟೂ ಇದೆ, ಆದರೆ ಕ್ಯಾಲ್ಸಿಯಂ ಅದರ ಹಲವು ಪಟ್ಟು. ಮಂಡ್ಯದವರು ಮುದ್ದೆ ಬಿಟ್ಟು ಮೈದಾ ಪರೋಟ ತಿನ್ನುವುದಕ್ಕಿಂತ ಮುದ್ದೆಯನ್ನೇ ಉಣ್ಣಲಿ. ಜೋಳದ ರೊಟ್ಟಿಗೂ ಯಾವ ತಕರಾರಿಲ್ಲ. ತಕರಾರು ಇರುವುದು ರೊಟ್ಟಿಯ ಪಕ್ಕದ ಶೇಂಗಾ ಹಿಂಡಿಯ ಉಪ್ಪಿನಲ್ಲಿ.

ಸೊಪ್ಪಿನಲ್ಲಿ ಯಾವುದು?

ಸೊಪ್ಪನ್ನೆಲ್ಲ ಬಿಡಿ ಎನ್ನುವುದು ಸೋಮಾರಿ ಸಲಹೆ. ಸೊಪ್ಪು ಸೊಪ್ಪಿಗೆ ಅಜಗಜಾಂತರ ಇದೆ. ನೂರು ಗ್ರಾಂ ಪಾಲಕ್‌ನಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಆಕ್ಸಲೇಟ್ ಇರುತ್ತದೆ. ದಂಟು, ಹರಿವೆ, ರಾಜಗಿರಿ, ಇವೂ ಅದೇ ಸಾಲಿನವು. ಬಸಳೆ, ಚಕ್ಕೋತವೂ ಜಾಸ್ತಿಯೇ. ಮೆಂತ್ಯ, ಕೊತ್ತಂಬರಿ, ಎಲೆಕೋಸಿನಲ್ಲಿ ತೀರಾ ಕಡಿಮೆ. ನುಗ್ಗೆಸೊಪ್ಪು ನಡುವೆ ಬರುತ್ತದೆ. ಹಾಗಾಗಿ ಆಕ್ಸಲೇಟ್ ಕಲ್ಲಿನವರು ವಾರದಲ್ಲಿ ನಾಲ್ಕು ದಿನ ಸೊಪ್ಪು ತಿನ್ನುವುದಾದರೆ ಮೂರು ದಿನ ಮೆಂತ್ಯದ ಕಡೆಗೆ ಹೋಗಲಿ.

ಈಗ ಒಂದು ಸೂಕ್ಷ್ಮ ವಿಷಯ. ಸೊಪ್ಪನ್ನು ತುಂಬಾ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಕರಗುವ ಆಕ್ಸಲೇಟಿನಲ್ಲಿ ಒಳ್ಳೆಯ ಪಾಲು ಹೋಗುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ನಮ್ಮ ಹಳೇ ಮೈಸೂರಿನ ಮನೆಗಳಲ್ಲಿ ಆ ನೀರು ಎಲ್ಲಿಗೆ ಹೋಗುತ್ತದೆ? ಬಸ್ಸಾರಿಗೆ! ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲೇ ಸಾರು, ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಪೋಷಕಾಂಶ ಹಾಳಾಗಬಾರದು ಎಂದು ಮಾಡಿದ ಜಾಣ ಅಡುಗೆ ಅದು. ಕಲ್ಲಿನವರಿಗೆ ಮಾತ್ರ ಜಾಣತನ ತಿರುಗಿಬಿದ್ದಿದೆ. ದಂಟಿನ ಸೊಪ್ಪಿನ ಬಸ್ಸಾರಿನಲ್ಲಿ ಆಕ್ಸಲೇಟು ಸಾರಿಗೆ ಇಳಿದಿರುತ್ತದೆ. ನಮ್ಮ ಮನೆಯಲ್ಲಿ ಈಗ ಒಪ್ಪಂದ ಹೀಗಿದೆ: ದಂಟು, ಪಾಲಕ್ ಹಾಕಿದ ದಿನ ಪಲ್ಯ ನನಗೆ, ಸಾರು ಉಳಿದವರಿಗೆ, ನನ್ನ ಅನ್ನಕ್ಕೆ ಮೊಸರು. ಹುರುಳಿಕಾಯಿ, ಎಲೆಕೋಸಿನ ಬಸ್ಸಾರು ಮಾಡಿದ ದಿನ ಮುದ್ದೆ ಅದ್ದಿಕೊಂಡು ಎರಡು ಸಲ ಬಡಿಸಿಕೊಳ್ಳುತ್ತೇನೆ.

ಕರಾವಳಿ, ಮಲೆನಾಡಿನವರಿಗೆ ಪತ್ರೊಡೆಯ ಪ್ರಶ್ನೆ. ಕೆಸುವಿನ ಎಲೆ ಗಂಟಲು ತುರಿಸುತ್ತದಲ್ಲ, ಆ ತುರಿಕೆಯೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ನಮ್ಮ ಕಲ್ಲಿನ ದಾಯಾದಿ! ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ಹೋಗುತ್ತದೆ, ಆಕ್ಸಲೇಟ್ ಪೂರ್ತಿ ಹೋಗುವುದಿಲ್ಲ. ಆಷಾಢದಲ್ಲಿ ಒಂದೆರಡು ಸಲ, ಎರಡು ಹೋಳು, ಮೇಲೆ ಮೊಸರು. ಅದಕ್ಕಿಂತ ಕಟ್ಟುನಿಟ್ಟು ಮಾಡಲು ನನಗೆ ಮನಸ್ಸಿಲ್ಲ. ಬಿಂಬುಳಿ ಮತ್ತು ಧಾರೆಹುಳಿಯ (ಸ್ಟಾರ್ ಫ್ರೂಟ್) ಬಗ್ಗೆ ಮಾತ್ರ ಕಟ್ಟುನಿಟ್ಟು. ಸಾರಿಗೆ ಒಂದೆರಡು ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದವರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ಬರೆದಿದ್ದಾರೆ. ಬೆಳಗ್ಗೆ ಹಸಿ ಪಾಲಕ್ ರುಬ್ಬಿ ಜ್ಯೂಸ್ ಕುಡಿಯುವವರಿಗೂ ಇದೇ ಮಾತು.

ಟೊಮ್ಯಾಟೊ? ಅದರ ಬೀಜ ಕಲ್ಲಾಗುತ್ತದೆ ಎನ್ನುವುದು ಬರೀ ಕಲ್ಪನೆ. ಆಕ್ಸಲೇಟ್ ತೀರಾ ಕಡಿಮೆ, ಧಾರಾಳವಾಗಿ ಸಾರಿಗೆ ಹಾಕಿ. ಚಿಕ್ಕಪ್ಪನಿಗೆ ಇದನ್ನು ಇನ್ನೂ ನಂಬಿಸಲಾಗಿಲ್ಲ. ನಿಜವಾಗಿ ಕಡಿಮೆ ಮಾಡಬೇಕಾದದ್ದು ಬಾದಾಮಿ. ಆರೋಗ್ಯಕ್ಕೆಂದು ದಿನಾ ಹಿಡಿ ತುಂಬ ತಿನ್ನುತ್ತಾರೆ, ಅದರಲ್ಲಿ ಆಕ್ಸಲೇಟ್ ಜಾಸ್ತಿ. ನಾಲ್ಕೈದಕ್ಕೆ ನಿಲ್ಲಿಸಿ. ಗೋಡಂಬಿ, ಎಳ್ಳಿನದ್ದೂ ಅದೇ ಕತೆ.

ಉಪ್ಪು, ಮಾಂಸ

ಉಪ್ಪನ್ನು ಕಲ್ಲಿನ ಜೊತೆ ಯಾರೂ ಸೇರಿಸಿ ಯೋಚಿಸುವುದಿಲ್ಲ. ಕಿಡ್ನಿ ಸೋಡಿಯಂ ಹೊರಗೆ ಹಾಕುವಾಗ ಜೊತೆಗೆ ಕ್ಯಾಲ್ಸಿಯಂ ಕೂಡ ಮೂತ್ರಕ್ಕೆ ಹೋಗುತ್ತದೆ. ಹಾಲು ಬಿಟ್ಟು ಉಪ್ಪಿನಕಾಯಿ ಉಳಿಸಿಕೊಂಡವರು ಉಲ್ಟಾ ಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅಡುಗೆಗೆ ಹಾಕಿದ್ದೂ ಸೇರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರ, ಒಣಮೀನು, ಇವುಗಳಲ್ಲಿ ದಿನಕ್ಕೆ ಒಂದನ್ನು ಆರಿಸಿಕೊಳ್ಳಿ, ಎಲ್ಲವನ್ನೂ ಅಲ್ಲ. ದುಡ್ಡು ಉಳಿಸಿ ಕಲ್ಲು ತಡೆಯುವ ದಾರಿ ಇದೊಂದೇ.

ಮಾಂಸ, ಮೀನು, ಮೊಟ್ಟೆ ಜಾಸ್ತಿಯಾದರೆ ಮೂತ್ರ ಹುಳಿಯಾಗುತ್ತದೆ, ಸಿಟ್ರೇಟ್ ಇಳಿಯುತ್ತದೆ. ಮಾಂಸ, ಮೀನಿನಿಂದ ಯೂರಿಕ್ ಆಸಿಡೂ ಏರುತ್ತದೆ. ಬಿಡಬೇಕೆಂದಿಲ್ಲ. ಲಿವರ್, ತಲೆಮಾಂಸ, ಬೋಟಿ ಮೊದಲು ಕಡಿಮೆಯಾಗಲಿ. ಮೀನಿನಲ್ಲಿ ಬೂತಾಯಿ, ಬಂಗುಡೆ, ಕೊಲ್ಲತರು ಯೂರಿಕ್ ಆಸಿಡಿಗೆ ಹೆಸರಾದವು. ಕಷ್ಟ ಏನೆಂದರೆ ಮಂಗಳೂರು ಕಡೆ ಬಡವರ ಕೈಗೆಟುಕುವ ಮೀನೂ ಅವೇ, ಅಂಜಲ್ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಆಕ್ಸಲೇಟ್ ಕಲ್ಲಿನವರು ಬೂತಾಯಿಯನ್ನು ವಾರಕ್ಕೆರಡು ಸಲ ಮಿತವಾಗಿ ತಿನ್ನಲಿ. ಯೂರಿಕ್ ಆಸಿಡ್ ಕಲ್ಲಿನವರು ತಿಂಗಳಿಗೊಮ್ಮೆಗೆ ಇಳಿಸಲಿ.

ಹಾಗಾದರೆ ನೀವು ಯಾರು?

ಖರ್ಚು ಮಾಡಲಾಗದವರು: ನೀರು, ಉಪ್ಪು ಕಡಿತ, ಊಟದ ಜೊತೆ ಮಜ್ಜಿಗೆ. ಈ ಮೂರಕ್ಕೆ ತಿಂಗಳಿಗೆ ಹೊಸ ಖರ್ಚು ಹೆಚ್ಚೇನೂ ಇಲ್ಲ, ಮೇಲಿನ ಎಲ್ಲ ದುಬಾರಿ ರಸಗಳಿಗಿಂತ ಇದೇ ಮುಂದೆ. ನಿಂಬೆ ಸಸ್ತಾ ಸಿಕ್ಕಾಗ ಸೇರಿಸಿಕೊಳ್ಳಿ.

ಶುಗರ್ ಇದ್ದವರು ಸಕ್ಕರೆ ಹಾಕದ ನಿಂಬೆ ನೀರಿಗೇ ನಿಲ್ಲಿ. ದಿನಾ ಎಳನೀರು, ಗಾಜಿನ ಲೋಟದ ಮೂಸಂಬಿ ಜ್ಯೂಸ್ ನಿಮಗಲ್ಲ. ಬಿಪಿ ಇದ್ದವರಿಗೆ ಅದೃಷ್ಟ, ಉಪ್ಪು ಕಡಿಮೆ ಮಾಡಿದರೆ ಒಂದೇ ಏಟಿಗೆ ಎರಡು ಹಕ್ಕಿ.

ಯೂರಿಕ್ ಆಸಿಡ್ ಕಲ್ಲಿನವರು ಸೊಪ್ಪಿನ ಚಿಂತೆ ಬಿಟ್ಟು ಮಾಂಸ, ಬಿಯರ್ ಕಡೆ ನೋಡಿ. ನಿಮಗೊಂದು ಒಳ್ಳೆಯ ಸುದ್ದಿಯೂ ಇದೆ. ಔಷಧಿಯಿಂದ ಮೂತ್ರದ ಹುಳಿ ಇಳಿಸಿದರೆ ಚೆನ್ನಾಗಿ ಕರಗುವ ಕಲ್ಲು ಇದು. ಹಾಗಾಗಿ ಮನೆಮದ್ದಿನಲ್ಲಿ ತಿಂಗಳು ಕಳೆಯದೆ ಮೊದಲೇ ವೈದ್ಯರ ಹತ್ತಿರ ಹೋಗಿ.

ಕ್ರಿಯಾಟಿನಿನ್ ಏರಿದವರು, ಹೃದಯ ದುರ್ಬಲ ಎಂದು ನೀರಿಗೆ ಮಿತಿ ಹಾಕಿಸಿಕೊಂಡವರು ಈ ಬರಹದ ಮೂರು ಲೀಟರ್ ಲೆಕ್ಕವನ್ನು ಹಾಗೇ ತೆಗೆದುಕೊಳ್ಳಬಾರದು. ನಿಮ್ಮ ಲೋಟಗಳನ್ನು ನಿಮ್ಮ ವೈದ್ಯರೇ ಎಣಿಸಿಕೊಡಬೇಕು.

ಈಗ ಸೊಂಟದಲ್ಲಿ ಕಿತ್ತು ತಿನ್ನುವ ನೋವು ಇದ್ದು, ಜೊತೆಗೆ ಚಳಿ ಜ್ವರ ಬಂದಿದ್ದರೆ, ಮೂತ್ರ ನಿಂತಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ನಿಮಗಿರುವುದು ಒಂದೇ ಕಿಡ್ನಿಯಾದರೆ ಅಥವಾ ನೀವು ಬಸುರಿಯಾದರೆ, ಆರಿಸಿಕೊಳ್ಳಲು ಏನೂ ಇಲ್ಲ. ಹುರುಳಿ ಬೇಯಲು ಇಡಬೇಡಿ, ಗಾಡಿ ತೆಗೆಯಲು ಹೇಳಿ.